ಹನ್ನೊಂದು ಏಕಲ್ಲ?

ಆದಾಯದಲ್ಲಿ ಶೇಕಡಾ ಎಷ್ಟನ್ನು ದಾನ ಮಾಡಿದರೆ ನೀತಿವಂತ ಅನ್ನಿಸಿಕೊಳ್ಳಬಹುದು? ಈ ಪ್ರಶ್ನೆಯ ಸೊಗಸೇ ಸೊಗಸು. ಇದು ಬಗೆಹರಿಯುವವರೆಗೆ ಯಾರೂ ಏನೂ ಕೊಡಬೇಕಾಗಿಲ್ಲ.

ಧರ್ಮಗಳಿಗೆ ಇಷ್ಟು ಜಾಣತನ ಇರಲಿಲ್ಲ, ಪಾಪ. ಮುಸ್ಲಿಮರ ಝಕಾತ್ ಅಂದರೆ ವರ್ಷವಿಡೀ ಕೈಯಲ್ಲುಳಿದ ಸಂಪತ್ತಿನ ಶೇ 2.5, ಸಿಖ್ಖರ ದಸ್ವಂದ್ ಅಂದರೆ ಗಳಿಕೆಯ ಹತ್ತನೇ ಒಂದು. ಮುಗಿಯಿತು. ನಮ್ಮಂಥ ವಿಚಾರವಂತರಿಗೆ ಅಷ್ಟಕ್ಕೇ ಮುಗಿದರೆ ಹೇಗೆ? ಯಾವುದರ ಹತ್ತನೇ ಒಂದು? ತೆರಿಗೆಗೆ ಮುಂಚಿನದ್ದೋ, ಆಮೇಲಿನದ್ದೋ? ಸರಿ, ತೆರಿಗೆ ಕಳೆಯಿರಿ. ಮನೆ ಸಾಲದ ಕಂತು ಕಳೆಯಿರಿ. ವಿಮೆ, ಮಕ್ಕಳ ಫೀಸು, ಇನ್ನೂ ಹುಟ್ಟದ ಮೊಮ್ಮಕ್ಕಳ ಫೀಸು, ರಿಟೈರಾದ ಮೇಲಿನ ಪ್ರವಾಸ, ‘ಆಪತ್ತಿಗಿರಲಿ’ ಎಂದಿಟ್ಟ ಗಂಟು, ಆ ಗಂಟಿಗೇ ಆಪತ್ತು ಬಂದರೆ ಎಂದಿಟ್ಟ ಇನ್ನೊಂದು ಗಂಟು. ಎಲ್ಲ ಕಳೆದು ಕೊನೆಯ ಸಾಲಿಗೆ ಬಂದರೆ ಮೊತ್ತ ಮೈನಸ್! ಅಂದರೆ ಜಗತ್ತೇ ನಮಗೆ ಒಂದಿಷ್ಟು ಬಾಕಿ. (ಹೊಸ ಫೋನು ಸಂಬಳದ ಶೇಕಡಾ ಎಷ್ಟು ಎಂದು ಮಾತ್ರ ಕೇಳಬಾರದು. ಅದು ಖಾಸಗಿ ವಿಷಯ.)

1972ರಲ್ಲಿ ಪೀಟರ್ ಸಿಂಗರ್ ಎಂಬ ತತ್ತ್ವಶಾಸ್ತ್ರಜ್ಞರು ಕೇಳಿದರು: ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾದೀತೆಂದು ಸುಮ್ಮನಿರುತ್ತೀರಾ? ಮಗು ದೂರದ ದೇಶದ್ದಾದರೆ ನ್ಯಾಯ ಬೇರೆಯೇ? ಅಂದಿನಿಂದ ನಾವು ದಡದಲ್ಲೇ ಸೆಮಿನಾರು ನಡೆಸುತ್ತಿದ್ದೇವೆ. ಈಜು ಕಲಿಸದ ಸರ್ಕಾರದ ಹೊಣೆ ಏನು? ಇಂದು ಎತ್ತಿದರೆ ನಾಳೆಯೂ ಬೀಳುವ ಅಭ್ಯಾಸವಾಗದೆ? ಪಕ್ಕದವನು ಇಳಿಯದಿರುವಾಗ ನಾನೊಬ್ಬನೇ ಇಳಿದರೆ ಅದು ನನ್ನ ಪಾಲಿಗಿಂತ ಹೆಚ್ಚಾಗದೆ? ಈ ಕೊನೆಯದು ತತ್ತ್ವಶಾಸ್ತ್ರದಲ್ಲಿ ಗಂಭೀರವಾದ ವಾದವೇ. ಎಂಜಲು ಕೈಯಲ್ಲಿ ಕಾಗೆ ಓಡಿಸದವರೂ ಅದನ್ನು ಬಹಳ ಹಚ್ಚಿಕೊಂಡಿದ್ದಾರೆ.

ದೇಶಗಳೇನು ಕಡಿಮೆಯಲ್ಲ. ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆ ಗುರಿ ಇಟ್ಟದ್ದು 1970ರಲ್ಲಿ. ಹೆಚ್ಚಿನವರಿಗೆ ಇನ್ನೂ ಪುರಸೊತ್ತಾಗಿಲ್ಲ.

ಈ ನಡುವೆ ಕೆಲವರು ರಸಭಂಗ ಮಾಡುತ್ತಾರೆ. 2009ರಲ್ಲಿ ಆಕ್ಸ್‌ಫರ್ಡಿನಲ್ಲಿ ಟೋಬಿ ಆರ್ಡ್ ಮತ್ತು ವಿಲಿಯಂ ಮ್ಯಾಕ್‌ಆಸ್ಕಿಲ್ ಎಂಬ ತತ್ತ್ವಶಾಸ್ತ್ರಜ್ಞರು ಆದಾಯದ ಹತ್ತು ಪರ್ಸೆಂಟ್ ದಾನ ಕೊಡುವ ಪ್ರತಿಜ್ಞೆ ಶುರುಮಾಡಿದರು. ಸಹಿ ಹಾಕಿ, ತಿಂಗಳಾದೊಡನೆ ಕೊಟ್ಟೂಬಿಡುವ ಜನರಿದ್ದಾರೆ. ಇಂಥವರ ಜೊತೆ ಚರ್ಚೆ ಹೇಗೆ ಮಾಡುವುದು? ಅದಕ್ಕೂ ಉಪಾಯವಿದೆ. ‘ಹನ್ನೊಂದು ಏಕಲ್ಲ?’ ಎಂದು ಕೇಳಿ. ತಡವರಿಸುತ್ತಾರೆ. ಬೂಟಾಟಿಕೆ ಬಯಲಾಯಿತಲ್ಲ! ಏನೂ ಕೊಡದ ನಮ್ಮ ಮೇಲೆ ಆ ಆರೋಪ ಹೊರಿಸಲಿ ನೋಡೋಣ.