ಶಾಲು, ಶ್ರೀಫಲ ಮತ್ತು ಸದ್ದಿನ ಚಪ್ಪಲಿ

ವಿಚಾರ ಸಂಕಿರಣಗಳ ಆಹ್ವಾನ ಪತ್ರಿಕೆಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಕೊನೆಯ ಸಾಲಿನಲ್ಲಿ ಊಟ ವಸತಿಯ ವಿವರವಿರುತ್ತದೆ, ಅದರ ಮೇಲೆ ಸಾಂಸ್ಕೃತಿಕ ಕಾರ್ಯಕ್ರಮ, ಅದರ ಮೇಲೆ ಊರಿನ ಹೆಸರು. ಸಂಕಿರಣದ ವಿಷಯ ಕಣ್ಣಿಗೆ ಬೀಳುವ ಹೊತ್ತಿಗೆ ಹೋಗುವುದೆಂದು ತೀರ್ಮಾನವಾಗಿಬಿಟ್ಟಿರುತ್ತದೆ. ಗಡಿನಾಡಿನ ರಂಗಕಲೆಗಳನ್ನು ಕುರಿತು ಕೊಲ್ಹಾಪುರದಲ್ಲಿ ಏರ್ಪಟ್ಟಿದ್ದ ಸಂಕಿರಣಕ್ಕೆ ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನಿಂದ ನಾನು ಬಸ್ಸು ಹತ್ತಿದ್ದು ಈ ಕ್ರಮದಲ್ಲಿಯೇ.

ಸಂಘಟಕರು ನನ್ನ ಕೊಠಡಿಗೆ ಕಾಸರಗೋಡಿನ ಕನ್ನಡ ಉಪನ್ಯಾಸಕರೊಬ್ಬರನ್ನು ಜೊತೆಮಾಡಿದ್ದರು. ಜತ್ತ ಭಾಗದ ಹಳ್ಳಿಗಳನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದು ಗಡಿವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿಯೇ ಶಿಫಾರಸು ಮಾಡಿತ್ತು. ಅದು ಇಂದಿನವರೆಗೂ ಆಗಿಲ್ಲವಾದರೂ, ಎರಡನ್ನೂ ಒಂದೇ ಕೊಠಡಿಗೆ ಸೇರಿಸುವಷ್ಟು ಕೆಲಸವನ್ನು ಈ ಸಂಘಟಕರು ಯಾವ ಆಯೋಗದ ನೆರವೂ ಇಲ್ಲದೆ ಮಾಡಿ ಮುಗಿಸಿದ್ದರು. ಉಪನ್ಯಾಸಕರ ಊರಿನ ರೂಢಿಯಂತೆ ನಾನು ಅವರನ್ನು ಮಾಷ್ಟ್ರು ಎಂದೇ ಕರೆಯತೊಡಗಿದೆ. ಯಕ್ಷಗಾನದ ಮೇಲೆ ಪ್ರಬಂಧ ಓದಲು ಬಂದಿದ್ದ ಅವರು ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ಮಾತು ಬಂದರೆ ಊಟವನ್ನೂ ಮರೆಯುವವರು.

ಸಂಕಿರಣ ಆರಂಭವಾದದ್ದು ನವೆಂಬರ್ 9ರಂದು. ಆ ದಿನಕ್ಕೆ ಕೊಲ್ಹಾಪುರದಲ್ಲಿ ವಿಶೇಷವಾದ ಅರ್ಥವಿದೆ. ಮಹಾಲಕ್ಷ್ಮಿ ದೇವಸ್ಥಾನದಲ್ಲಿ ಪಶ್ಚಿಮಕ್ಕೆ ಮುಖಮಾಡಿರುವ ದೇವಿಯ ಮೇಲೆ ಮುಳುಗುವ ಸೂರ್ಯನ ಕಿರಣಗಳು ಮಹಾದ್ವಾರದಿಂದ ನೇರವಾಗಿ ಒಳಬಂದು ಬೀಳುವ ಕಿರಣೋತ್ಸವವು ನವೆಂಬರ್ 9, 10, 11ರಂದು ಮತ್ತು ಜನವರಿ 31, ಫೆಬ್ರವರಿ 1, 2ರಂದು ನಡೆಯುತ್ತದೆ. ಮೊದಲ ದಿನ ಪಾದಕ್ಕೆ, ಎರಡನೆಯ ದಿನ ಎದೆಗೆ, ಮೂರನೆಯ ದಿನ ಮುಖಕ್ಕೆ ಬೆಳಕು ಏರುತ್ತದೆ. ಸೂರ್ಯ ಇಷ್ಟು ಸಮಯಪಾಲನೆ ಮಾಡುತ್ತಿದ್ದರೂ ನಮ್ಮ ಉದ್ಘಾಟಕರಿಗೆ ಆ ಅಭ್ಯಾಸವಿರಲಿಲ್ಲ. ಅವರು ರಂಗಕಲೆಯ ಇತಿಹಾಸವನ್ನು ವೇದಕಾಲದಿಂದ ಹಿಡಿದು ಇನ್ನೂ ಗುಪ್ತರ ಹತ್ತಿರ ಬರುವಷ್ಟರಲ್ಲಿಯೇ ಕಿಟಕಿಯ ಬೆಳಕು ಹಳದಿಯಾಗಿತ್ತು. ನಾವು ಹಿಂದಿನ ಬಾಗಿಲಿನಿಂದ ಹೊರಬಿದ್ದು, ರಿಕ್ಷಾ ಹಿಡಿದು, ಜನಸಾಗರದಲ್ಲಿ ಸೇರಿ, ಹಿಮ್ಮಡಿ ಎತ್ತಿ ಕತ್ತು ಚಾಚಿದಾಗ ಪಶ್ಚಿಮದಲ್ಲಿ ಬೆಳಗಿನಿಂದ ಎಲ್ಲಿಯೂ ಕಾಣದಿದ್ದ ಮೋಡವೊಂದು ಸೂರ್ಯನ ಮುಂದೆ ಬಂದು ನಿಂತಿತು. ಮೋಡ ಸರಿಯುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಆ ನೂಕುನುಗ್ಗಲಿನಿಂದ ಪಾರಾಗಿ ಹೊರಬಂದು ಮೆಟ್ಟುವ ಹೊತ್ತಿಗೆ ಮಾಷ್ಟ್ರ ಚಪ್ಪಲಿಯ ಪಟ್ಟಿಯೂ ಕಿತ್ತುಹೋಯಿತು.

ಚಪ್ಪಲಿ ಹರಿಯುವುದಕ್ಕೆ ಭೂಮಂಡಲದಲ್ಲಿ ಕೊಲ್ಹಾಪುರಕ್ಕಿಂತ ಪ್ರಶಸ್ತವಾದ ಸ್ಥಳವಿಲ್ಲ. ದೇವಸ್ಥಾನದಿಂದ ಬರಿಗಾಲಿನಲ್ಲಿಯೇ ನಡೆದುಹೋಗುವಷ್ಟು ಹತ್ತಿರದಲ್ಲಿ ಚಪ್ಪಲ್ ಲೈನ್ ಎಂಬ ಬೀದಿಯೇ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಜಂಟಿಯಾಗಿ ಸಿಕ್ಕಿತು. ಎರಡು ರಾಜ್ಯಗಳು ಜಗಳವಿಲ್ಲದೆ ಹಂಚಿಕೊಂಡ ಅಪರೂಪದ ವಸ್ತು ಇದು. ಬಹುಶಃ ಕಾಲ ಕೆಳಗೆ ಇರುವುದರಿಂದ ಯಾರ ಗಮನಕ್ಕೂ ಬಂದಿಲ್ಲ. ಅಂಗಡಿಯವನು ಅಥಣಿ ಕಡೆಯವನಾಗಿದ್ದು, ನಮ್ಮ ಮಾತು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ಹೊರಳಿದ. ‘ಸದ್ದಿಂದು ಬೇಕೋ, ಸದ್ದಿಲ್ಲದ್ದು ಬೇಕೋ?’ ಎಂದು ಕೇಳಿದ. ಅಟ್ಟೆಯ ಪದರಗಳ ನಡುವೆ ಬೀಜಗಳನ್ನು ಇಟ್ಟು ಹೊಲಿದರೆ ಹೆಜ್ಜೆ ಹೆಜ್ಜೆಗೂ ಕರ್ರ್ ಕರ್ರ್ ಎನ್ನುತ್ತದೆಯೆಂದೂ, ಹಿಂದಿನ ಕಾಲದಲ್ಲಿ ಗೌಡರು ಬರುವುದು ಓಣಿಯ ತಿರುವಿನಲ್ಲಿಯೇ ತಿಳಿಯುತ್ತಿತ್ತೆಂದೂ ವಿವರಿಸಿದ. ಗೌಡಿಕೆಯ ಆಸೆ ಉಪನ್ಯಾಸಕರಿಗೂ ಇರುತ್ತದೆ. ಮಾಷ್ಟ್ರು ಸದ್ದಿನದನ್ನೇ ಕೊಂಡರು.

ರಾತ್ರಿಯ ಊಟದಲ್ಲಿ ಕೆಂಪು ರಸ್ಸಾದ, ಎಂದರೆ ಖಾರದ ಸಾರಿನ, ಪಕ್ಕದಲ್ಲಿ ಬಿಳಿಯ ರಸ್ಸಾ ಬಂದಿತು. ಬಿಳಿಯದರಲ್ಲಿ ಏನೇನಿದೆಯೆಂದು ಶುದ್ಧ ಸಸ್ಯಾಹಾರಿಗಳಾದ ಮಾಷ್ಟ್ರು ವಿಚಾರಿಸಿದರು. ಬಡಿಸುವವನು ತೆಂಗಿನ ಹಾಲು ಎಂದಾಗ ಅವರ ಮುಖ ಅರಳಿತು. ಗಸಗಸೆ, ಎಳ್ಳು, ಗೋಡಂಬಿ ಎನ್ನುತ್ತಾ ಹೋದಂತೆ ಅರಳಿಕೆ ಹೆಚ್ಚಿತು. ಬಟ್ಟಲು ತುಟಿಯ ಹತ್ತಿರ ಬಂದಾಗ ಅವನು ಪಟ್ಟಿಯ ಕೊನೆಯ ಬಾಬತ್ತಾದ ಮಟನ್ ಬೇಯಿಸಿದ ನೀರನ್ನು ಹೇಳಿದ. ಆ ರಾತ್ರಿ ಅವರನ್ನು ಕಾಪಾಡಿದ್ದು ಸೋಲ್ ಕಢಿ. ಪುನರ್ಪುಳಿ ಮತ್ತು ತೆಂಗಿನ ಹಾಲು ಸೇರಿದ ಆ ಪಾನೀಯವನ್ನು ಅವರು ನೆಂಟರು ಸಿಕ್ಕಷ್ಟು ಸಂತೋಷದಿಂದ ಮತ್ತೆ ಮತ್ತೆ ತರಿಸಿಕೊಂಡರು.

ಬೆಳಿಗ್ಗೆ ಮಿಸಳ್. ಇದರಲ್ಲಿ ಮಾಂಸವಿಲ್ಲವೆಂದು ನಾನೇ ಜಾಮೀನು ನಿಂತಿದ್ದೆ. ಮೊಳಕೆ ಬಂದ ಮಡಿಕೆ ಕಾಳಿನ ಮೇಲೆ ಫರಸಾಣ, ಅದರ ಮೇಲೆ ಎಣ್ಣೆ ತೇಲುವ ಕಟ್ ಎಂಬ ಕೆಂಪು ಖಾರದ ರಸ, ಪಕ್ಕದಲ್ಲಿ ಬ್ರೆಡ್ಡಿನ ಹೋಳುಗಳು. ನಮ್ಮಂಥ ಬಯಲುಸೀಮೆಯವರಿಗೆ ಇದು ದಿನ ಆರಂಭಿಸುವ ಮರ್ಯಾದೆಯ ವಿಧಾನ. ಅಲ್ಲಿ ರಸ್ಸಾವನ್ನು ಕೇಳಿದಷ್ಟೂ ಹಾಕುತ್ತಾರೆ, ಕೇಳದಿದ್ದರೂ ಹಾಕುತ್ತಾರೆ. ಎರಡು ತುತ್ತಿಗೆ ಮಾಷ್ಟ್ರ ಕಣ್ಣಿನಲ್ಲಿ ನೀರು ಬಂದು, ಅವರು ಬಾಯಿ ಬಿಗಿಹಿಡಿದು ತಟ್ಟೆಯನ್ನೇ ನೋಡುತ್ತಾ ಕುಳಿತರು. ಗಿರಾಕಿ ರಸ್ಸಾಕ್ಕಾಗಿ ಕಾಯುತ್ತಿದ್ದಾನೆಂದು ಹುಡುಗ ಒಂದು ಸೌಟು ಹಾಕಿದ. ಬೇಡವೆನ್ನಲು ಬಾಯಿ ತೆರೆಯಬೇಕಿತ್ತು, ತೆರೆದರೆ ಗಾಳಿ ತಾಗಿ ಉರಿ ಏರುತ್ತಿತ್ತು. ಅವರು ಕೈ ಮುಗಿದರು. ಹುಡುಗ ಅದನ್ನು ಮೆಚ್ಚುಗೆಯೆಂದು ಭಾವಿಸಿ ಇನ್ನೊಂದು ಸೌಟು ಹಾಕಿದ.

ಆ ಬಾಯಿಯಲ್ಲಿ, ಆ ಚಪ್ಪಲಿಯಲ್ಲಿ ಅವರು ಪ್ರಬಂಧ ಮಂಡಿಸಬೇಕಾಗಿತ್ತು. ತರಗತಿಯಲ್ಲಿ ಅತ್ತಿತ್ತ ನಡೆಯುತ್ತಲೇ ಪಾಠ ಮಾಡಿ ರೂಢಿಯಾದವರಿಗೆ ನಿಂತಲ್ಲಿ ಮಾತು ಹೊರಡುವುದಿಲ್ಲ. ವೇದಿಕೆಯಾದರೋ ಟೊಳ್ಳು ಹಲಗೆಯದು. ‘ಪಾರ್ತಿಸುಬ್ಬನ ಕಾಲವನ್ನು ಕುರಿತು’ ಎಂದು ಅವರು ಎಡಕ್ಕೆ ಹೊರಟರೆ ಕರ್ರ್, ‘ಭಿನ್ನಾಭಿಪ್ರಾಯಗಳಿವೆ’ ಎಂದು ಬಲಕ್ಕೆ ತಿರುಗಿದರೆ ಕರ್ರ್. ಗೋಷ್ಠಿಯ ಅಧ್ಯಕ್ಷರು ಮೊದಲು ತಮ್ಮ ಕುರ್ಚಿಯನ್ನು ಪರೀಕ್ಷಿಸಿದರು, ಆಮೇಲೆ ಮೈಕಿನವನನ್ನು ಕರೆಸಿದರು. ಮೈಕಿನವನು ತಂತಿಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದ. ಸಭಿಕರಲ್ಲಿದ್ದ ಸ್ಥಳೀಯರಿಗೆ ಮಾತ್ರ ಸದ್ದಿನ ಮೂಲ ಗೊತ್ತಿತ್ತು, ಅವರು ಚಪ್ಪಲಿಯ ಗುಣಮಟ್ಟಕ್ಕೆ ತಲೆದೂಗುತ್ತಿದ್ದರು. ಯಕ್ಷಗಾನದ ಬಡಗುತಿಟ್ಟಿಗೂ ತೆಂಕುತಿಟ್ಟಿಗೂ ಚೆಂಡೆಯ ಬಳಕೆಯಲ್ಲಿರುವ ವ್ಯತ್ಯಾಸವನ್ನು ಮಾಷ್ಟ್ರು ಹೆಜ್ಜೆಹಾಕಿ ತೋರಿಸಿದಾಗಲಂತೂ ಚಪ್ಪಾಳೆ ಬಿದ್ದಿತು. ಆ ಗೋಷ್ಠಿಯಲ್ಲಿ ಯಾರೂ ನಿದ್ದೆ ಹೋಗಲಿಲ್ಲವೆಂಬುದನ್ನು ನಾನು ಪ್ರಾಮಾಣಿಕವಾಗಿ ದಾಖಲಿಸಬೇಕು.

ಸಂಜೆ ಸಂಗೀತವಿತ್ತು. ಶಾಹು ಮಹಾರಾಜರ ಆಸ್ಥಾನದಲ್ಲಿ ಅಲ್ಲಾದಿಯಾ ಖಾನರು ಹಾಡಿದ ಊರು ಅದು. ಅವರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಿಂದ ಕಲಿತ ಗಾಯನವನ್ನೇ ಮಲ್ಲಿಕಾರ್ಜುನ ಮನ್ಸೂರರು ಧಾರವಾಡಕ್ಕೆ ತಂದುಕೊಟ್ಟರು. ಹೀಗಾಗಿ ನಾವು ಬಹಳ ಭಕ್ತಿಯಿಂದ ಮುಂದಿನ ಸಾಲಿನಲ್ಲಿ ಕುಳಿತೆವು. ಮುಸ್ಸಂಜೆಯ ರಾಗವಾದ ಮಾರವಾ ಹಾಡುವುದೆಂದು ಗಾಯಕರು ತಂಬೂರಿಗಳನ್ನು ಶ್ರುತಿಮಾಡಿಸಿ ಸಿದ್ಧರಾಗಿದ್ದರು. ಅದಕ್ಕೂ ಮುಂಚೆ ಚಿಕ್ಕದೊಂದು ಸನ್ಮಾನವಿದೆಯೆಂದು ನಿರೂಪಕರು ತಿಳಿಸಿದರು. ಪ್ರತಿಯೊಬ್ಬ ಪ್ರತಿನಿಧಿಗೂ ಪೇಟಾ ಸುತ್ತಿ, ಶಾಲು ಹೊದಿಸಿ, ಶ್ರೀಫಲ ಕೊಟ್ಟು, ಛಾಯಾಚಿತ್ರ ತೆಗೆಯುವಷ್ಟರಲ್ಲಿ ಮಾರವಾದ ಹೊತ್ತು ಮೀರಿ, ಪೂರಿಯಾದ ಹೊತ್ತೂ ಮೀರಿ, ಗಾಯಕರು ನಿಟ್ಟುಸಿರಿಟ್ಟು ಬಾಗೇಶ್ರೀಗೆ ಬಂದರು. ಬಾಗೇಶ್ರೀ ಸೊಗಸಾಗಿತ್ತು. ತಾಳದ ಮೊದಲ ಪೆಟ್ಟಾದ ಸಮ್ ಬಂದಾಗಲೆಲ್ಲ ಕೇಸರಿ ಪೇಟಾಗಳು ಸಾಲುಸಾಲಾಗಿ ಅಲ್ಲಾಡುತ್ತಿದ್ದುದರಿಂದ ಹಿಂದೆ ಕುಳಿತವರಿಗೆ ಗಾಯಕರ ದರ್ಶನವಾಗಲಿಲ್ಲವಂತೆ.

ಮಾಷ್ಟ್ರಿಗೆ ಹೊರರಾಜ್ಯದ ಪ್ರತಿನಿಧಿಯೆಂದು ಒಂದು ತೆಂಗಿನಕಾಯಿ ಸಿಕ್ಕಿತ್ತು, ಪ್ರಬಂಧ ಮಂಡಿಸಿದವರೆಂದು ಇನ್ನೊಂದು; ಪೇಟಾದೊಳಗೆ ಗುರುತು ಸಿಗದೆ ಮತ್ತೊಮ್ಮೆ ಕರೆದು ಮೂರನೆಯದನ್ನೂ ಕೊಟ್ಟರು. 1916ರಿಂದಲೂ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿಗೆ ಕೊಲ್ಹಾಪುರದಿಂದ ತೆಂಗಿನಕಾಯಿ ಹೊತ್ತುಕೊಂಡು ಹೋಗುವುದು ಹೇಗೆಂದು ಅವರು ಕೊಠಡಿಯಲ್ಲಿ ಬಹಳ ಹೊತ್ತು ಚಿಂತಿಸಿದರು. ಕಿವಿಯ ಬಳಿ ಅಲ್ಲಾಡಿಸಿ ನೋಡಿ, ತಮ್ಮ ಹಿತ್ತಿಲಿನಲ್ಲಿ ಇಂಥವು ಉದುರಿದರೆ ಹೆಕ್ಕುವವರಿಲ್ಲವೆಂದರು. ಆದರೆ ಸನ್ಮಾನದ ಕಾಯಿಯನ್ನು ಎಸೆಯಬಾರದು, ಸನ್ಮಾನಿಸಿದವರ ಮುಂದೆ ಬಿಟ್ಟುಹೋಗಲೂ ಬಾರದು.

ಮರುದಿನ ಮಿರಜದಲ್ಲಿ ಅವರಿಗೆ ರೈಲು. ಅದಕ್ಕೆ ಇನ್ನೂ ಸಮಯವಿದ್ದುದರಿಂದ ತಂಬೂರಿ ಮಾಡುವವರ ಓಣಿಯನ್ನು ನೋಡಲು ಹೋದೆವು. ಕತ್ತಿ ಮಸೆಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯ ತಯಾರಿಕೆಗೆ ಕೈಹಾಕಿದ್ದರಿಂದ ಬೆಳೆದುಬಂದ ಕಸುಬು ಅದು. ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅಂಗಡಿಯ ತುಂಬ ಪಂಢರಪುರದ ಕಡೆಯಿಂದ ಬಂದ ಒಣ ಬುರುಡೆಗಳು. ಉಸ್ತಾದರು ತಂಬೂರಿಯ ಕುದುರೆಯನ್ನು, ಎಂದರೆ ತಂತಿಗಳನ್ನು ಹೊರುವ ಪಟ್ಟಿಯನ್ನು, ಅರದಿಂದ ಕೂದಲೆಳೆಯಷ್ಟು ಉಜ್ಜಿ, ತಂತಿಯ ಕೆಳಗೆ ದಾರದ ಎಳೆ ಸರಿಸಿ, ಕಿವಿಗೊಟ್ಟು ಜವಾರಿ ಎಂಬ ಝೇಂಕಾರವನ್ನು ಹಿಡಿಯುತ್ತಿದ್ದರು. ಮಾಷ್ಟ್ರು ಕುತೂಹಲದಿಂದ ಒಂದು ಹೆಜ್ಜೆ ಮುಂದಿಟ್ಟರು. ಕರ್ರ್. ಉಸ್ತಾದರು ಕುದುರೆಯನ್ನು ಮತ್ತೆ ಉಜ್ಜಿದರು. ಇನ್ನೊಂದು ಹೆಜ್ಜೆಗೆ ಅವರು ತಲೆಯೆತ್ತಿ, ಅತ್ಯಂತ ವಿನಯದಿಂದ, ಚಪ್ಪಲಿಯನ್ನು ಬೀದಿಯ ಆಚೆ ಬದಿಯಲ್ಲಿ ಬಿಟ್ಟುಬರಲು ಸಾಧ್ಯವೇ ಎಂದು ಕೇಳಿದರು.

ಹೊರಡುವಾಗ ಮಾಷ್ಟ್ರು ತೆಂಗಿನಕಾಯಿಯ ಚೀಲವನ್ನು ಬುರುಡೆಗಳ ರಾಶಿಯ ಹಿಂದೆ ಸರಿಸಿದ್ದನ್ನು ನಾನು ಕಂಡೂ ಕಾಣದಂತಿದ್ದೆ. ಬುರುಡೆಗಳ ನಡುವೆ ಅವು ಎದ್ದುಕಾಣುವುದಿಲ್ಲವೆಂಬುದು ಅವರ ಲೆಕ್ಕಾಚಾರವಾಗಿತ್ತು. ರೈಲು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅಂಗಡಿಯ ಹುಡುಗ ಪ್ಲಾಟ್‌ಫಾರಂನ ಉದ್ದಕ್ಕೂ ಪ್ರತಿಯೊಂದು ಕಿಟಕಿಯಲ್ಲಿಯೂ ಇಣುಕುತ್ತಾ ಓಡಿಬಂದು, ಏದುಸಿರು ಬಿಡುತ್ತಾ ಚೀಲವನ್ನು ಅವರ ಮಡಿಲಿಗೆ ತುರುಕಿದ. ಒಳಗೆ ಮೂರು ಕಾಯಿಗಳೂ ಭದ್ರವಾಗಿದ್ದವು. ಜೊತೆಗೆ ತಂಬೂರಿಗೆ ಒದಗದ ಚಿಕ್ಕ ಬುರುಡೆಯೊಂದಿತ್ತು. ಅಷ್ಟು ದೂರದಿಂದ ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಉಸ್ತಾದರು ಕೊಟ್ಟು ಕಳುಹಿಸಿದ್ದರಂತೆ.