ಕರಾವಳಿಗೆ ಬರುವ ಮುಂಚೆ ತಿಂಗಳು ನೋಡಿ

"ಎರಡು ದಿನದಲ್ಲಿ ಮಂಗಳೂರು, ಉಡುಪಿ ಕಡೆ ಏನೇನು ನೋಡಬಹುದು?" ರಜೆ ಹತ್ತಿರ ಬಂದರೆ ಹೀಗೆ ಕೇಳುವವರು ಜಾಸ್ತಿ. ದೇವಸ್ಥಾನ, ಬೀಚ್, ಮೀನೂಟ ಅಂತ ಪಟ್ಟಿ ಕೊಟ್ಟು ಕಳಿಸುವುದು ಸುಲಭ. ನಾನು ಮಾತ್ರ ಮೊದಲು ಕೇಳುವುದು, ಯಾವ ತಿಂಗಳು ಬರುತ್ತೀರಿ ಅಂತ.

ಕಲ್ಲಿನಲ್ಲಿ ಕಟ್ಟಿದ್ದಕ್ಕೆ ಕಾಲದ ಹಂಗಿಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಕಾರ್ಕಳದ ಗೊಮ್ಮಟ 1432ರದ್ದು. ಯಾವಾಗ ಬಂದರೂ ನೋಡಬಹುದು. ಆದರೆ ಕರಾವಳಿಯ ಜೀವ ಇರುವುದು ಆಟ ಅಂದರೆ ಯಕ್ಷಗಾನದಲ್ಲಿ, ದೈವಗಳಿಗೆ ನಡೆಯುವ ಕೋಲದಲ್ಲಿ, ಕೆಸರಿನಲ್ಲಿ ಕೋಣ ಓಡಿಸುವ ಕಂಬಳದಲ್ಲಿ. ಅದಕ್ಕೆಲ್ಲ ಒಂದು ಗಡಿ ಇದೆ, ಪತ್ತನಾಜೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಅಂದಿಗೆ ಯಕ್ಷಗಾನದ ತಂಡಗಳಾದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಕೋಲಗಳೂ ನಿಲ್ಲುತ್ತವೆ. ಇನ್ನೇನು ಮಳೆ ಹಿಡಿಯುತ್ತದೆ, ಊರಿಗೆ ಊರೇ ಗದ್ದೆಗೆ ಇಳಿಯಬೇಕು, ರಾತ್ರಿಯಿಡೀ ನಿದ್ದೆಗೆಟ್ಟರೆ ಆಗುತ್ತದಾ? ಮಳೆಗಾಲದಲ್ಲೂ ಸಭಾಂಗಣಗಳಲ್ಲಿ ಆಟ, ವೇಷವಿಲ್ಲದೆ ಹಾಡು ಮಾತಿನಲ್ಲೇ ಸಾಗುವ ತಾಳಮದ್ದಳೆ ನಡೆಯುತ್ತವೆ ನಿಜ. ಬಯಲಾಟದ ಗಮ್ಮತ್ತೇ ಬೇರೆ. ಅದು ಬೇಕಾದರೆ ದೀಪಾವಳಿ ಕಳೆದು ಬನ್ನಿ.

ಬಂದರೆ ಶುರುವಾಗುವ ಹೊತ್ತಿಗೆ ಹೋಗಬೇಡಿ. ಬೇಗ ಹೋಗಿ, ಕೇಳಿಕೊಂಡು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಒಂದು ಮೂಲೆಯಲ್ಲಿ ಕೂರಿ. ತೆಂಕುತಿಟ್ಟು ಅನ್ನುವ ದಕ್ಷಿಣದ ಶೈಲಿಯಲ್ಲಿ ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಕನ್ನಡಿ ಎದುರಿಟ್ಟುಕೊಂಡು ನೆಲದಲ್ಲಿ ಕೂತಿರುತ್ತಾರೆ. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಮುಖದ ಮೇಲೆ ಚಿಟ್ಟಿ ಇಡುತ್ತಾರೆ. ಒಂದು ಸಾಲು ಒಣಗಬೇಕು, ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ. ಕೆನ್ನೆ ಮುಳ್ಳು ಮುಳ್ಳಾಗಿ ಎದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮುಂಚೆ ನಿಮ್ಮ ಜೊತೆ ಮಾತಾಡುತ್ತಿದ್ದವರು ಎಲ್ಲಿ ಹೋದರು ಅನ್ನಿಸುತ್ತದೆ. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ, ಮಧ್ಯರಾತ್ರಿಯೊಳಗೆ ಮಂಗಳ. ಕಲಾವಿದರ ಆರೋಗ್ಯಕ್ಕೆ ಒಳ್ಳೆಯದೇ. ಆದರೂ ಬೆಳಗಿನ ಜಾವ ಬಣ್ಣದ ವೇಷ ಅಬ್ಬರಿಸಿ ಬರುವುದನ್ನು ನೋಡಿ ಬೆಳೆದವರಿಗೆ ಬೇಜಾರಾಗದೆ ಇರುವುದಿಲ್ಲ, ನನಗೂ ಆಗುತ್ತದೆ.

ಕಂಬಳ ನವೆಂಬರ್‌ನಿಂದ ಶುರು. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತಿದ್ದು, ರಾಜ್ಯ ಕಾನೂನು ತಿದ್ದಿದ ಮೇಲೆ ಮತ್ತೆ ನಡೆಯಿತು. 2023ರ ಮೇನಲ್ಲಿ ಅದೇ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. ಎಲ್ಲರೂ ಓಟದ ವೇಗದ ಬಗ್ಗೆಯೇ ಮಾತಾಡುತ್ತಾರೆ. ನೀವು ಕನೆಹಲಗೆ ನೋಡಿ. ಹಲಗೆಯಲ್ಲಿ ತೂತುಗಳಿರುತ್ತವೆ, ಓಡಿಸುವವರು ಅದರ ಮೇಲೆ ನಿಲ್ಲುತ್ತಾರೆ. ಕೋಣಗಳು ಓಡಿದಂತೆ ಕೆಸರುನೀರು ಆ ತೂತಿನಿಂದ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಇಲ್ಲಿ ಲೆಕ್ಕ ವೇಗದ್ದಲ್ಲ, ನೀರು ಎಷ್ಟು ಎತ್ತರ ಹೋಯಿತು ಅನ್ನುವುದರದ್ದು.

ಕೋಲದ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಸಿನಿಮಾ ನೋಡಿ ಬರುವವರು ಹೆಚ್ಚಿದ್ದಾರೆ, ಬರಲಿ, ಸಂತೋಷ. ಆದರೆ ದೈವದ ಮುಖಕ್ಕೆ ಫೋನಿನ ಲೈಟ್ ಬಿಡುವುದು, ಆ ಕೂಗನ್ನು ರೀಲ್ಸ್‌ನಲ್ಲಿ ಅಣಕಿಸುವುದು ಯಾವ ನ್ಯಾಯ? ಅದು ನಿಮಗೋಸ್ಕರ ಏರ್ಪಡಿಸಿದ ಕಾರ್ಯಕ್ರಮ ಅಲ್ಲ. ಅಲ್ಲಿ ಒಂದು ಕುಟುಂಬ ತನ್ನ ಕಷ್ಟ ಹೇಳಿಕೊಂಡು ದೈವದ ನುಡಿಗೆ ಕಾಯುತ್ತಿರುತ್ತದೆ. ಫೋಟೋ ತೆಗೆಯಬಹುದಾ ಅಂತ ಮನೆಯವರನ್ನು ಕೇಳಿ. ಬೇಡ ಅಂದರೆ ಫೋನ್ ಕಿಸೆಯಲ್ಲಿರಲಿ.

ಜುಲೈನಲ್ಲಿ ಮಾತ್ರ ರಜೆ ಸಿಗುವವರೂ ಇರುತ್ತೀರಿ. ಸಮುದ್ರಕ್ಕೆ ಇಳಿಯಬೇಡಿ, ಸೇಂಟ್ ಮೇರೀಸ್ ದ್ವೀಪದ ದೋಣಿಯೂ ಆಗ ಇಲ್ಲ. ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ, ಹಾಗಾಗಿ ಮೀನಿನ ಆಸೆ ಸ್ವಲ್ಪ ಕಡಿಮೆ ಇರಲಿ. ಜುಲೈ ಮಧ್ಯದಿಂದ ತುಳುವಿನ ಆಟಿ ತಿಂಗಳು. ಕೆಸುವಿನೆಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು), ತಿಮರೆ (ಒಂದೆಲಗ) ಚಟ್ನಿ ಎಲ್ಲ ಆಗಲೇ ರುಚಿ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರುತ್ತಾರೆ. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಲ್ಲಿ ಜಜ್ಜಿಯೇ ತೆಗೆಯಬೇಕು. ಮರದ ಗುರುತು ಸರಿಯಾಗಿ ಇದ್ದವರೇ ತರಬೇಕು, ತಪ್ಪಿದರೆ ಜೀವಕ್ಕೇ ಅಪಾಯ. ಅದರ ರಸಕ್ಕೆ ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಕಹಿ ಅಂದರೆ ಕಹಿ! ಆಮೇಲೆ ಹೊಟ್ಟೆ ತಂಪಾಗಲು ಮೆಂತೆ ಗಂಜಿ. ಪರಿಚಯದ ಮನೆ ಇದ್ದರೆ ಹಿಂದಿನ ರಾತ್ರಿಯೇ ಬಂದು ಉಳಿಯಿರಿ, ಇದನ್ನು ಹೊತ್ತೇರಿದ ಮೇಲೆ ಯಾರೂ ಕೊಡುವುದಿಲ್ಲ.