ಮುಂಬಾಗಿಲು ಯಾವ ದೇಶದ್ದು?

ನಮ್ಮಲ್ಲಿ ಮನೆಯ ಮುಂಬಾಗಿಲನ್ನು ಅಲ್ಲಿಂದ ಇಲ್ಲಿಗೆ ಸರಿಸುವುದು ವಾಸ್ತು ಪಂಡಿತರ ಮಾತಿಗೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಹಂಚಿಕೊಂಡಿರುವ ಬಾರ್ಲೆ ಎಂಬ ಊರಿನಲ್ಲಿ ಅದೇ ಕೆಲಸವನ್ನು ದೇಶದ ನಕ್ಷೆ ಮಾಡಿಸುತ್ತದೆ. ನೆದರ್ಲೆಂಡ್ಸ್‌ನ ಬ್ರೇಡಾದಲ್ಲಿ ಬಸ್ ಹತ್ತಿದರೆ ಊರನ್ನೆಲ್ಲ ಸುತ್ತಾಡಿ ಸಂಜೆಗೆ ಮರಳಬಹುದು. ಗಡಿ ನೋಡಲು ಊರಾಚೆ ಹೋಗಬೇಕಿಲ್ಲ. ಅದು ಬೀದಿಯಲ್ಲೇ ಇದೆ, ಅಂಗಡಿಯ ಒಳಗಿದೆ, ಯಾರದೋ ಅಡುಗೆಮನೆಯನ್ನೂ ಹಾದುಹೋಗುತ್ತದೆ. ಸುತ್ತಲೂ ನೆದರ್ಲೆಂಡ್ಸ್, ಅದರೊಳಗೆ ಬೆಲ್ಜಿಯಂನ 22 ತುಂಡುಗಳು, ಆ ತುಂಡುಗಳೊಳಗೆ ಮತ್ತೆ ನೆದರ್ಲೆಂಡ್ಸ್‌ನ 7 ಚೂರುಗಳು. ಬೆಲ್ಜಿಯಂನ ಅತಿ ಚಿಕ್ಕ ತುಂಡಿನ ವಿಸ್ತೀರ್ಣ 2,632 ಚದರ ಮೀಟರು, ಅಂದರೆ ಸುಮಾರು 26 ಗುಂಟೆ. ಅಷ್ಟು ನೆಲಕ್ಕೂ ಸುತ್ತ ಒಂದು ಅಂತರರಾಷ್ಟ್ರೀಯ ಗಡಿ!

ಇದರ ಮೂಲ 1198ರ ಒಂದು ಒಪ್ಪಂದ. ಬ್ರಬಾಂಟಿನ ಡ್ಯೂಕ್ ಒಂದನೇ ಹೆನ್ರಿ ಇಲ್ಲಿನ ಭೂಮಿಯನ್ನು ಬ್ರೇಡಾದ ಒಡೆಯನಿಗೆ ಬಿಟ್ಟುಕೊಟ್ಟ. ಆದರೆ ತನ್ನ ಒಕ್ಕಲುಗಳಿದ್ದ ಜಮೀನುಗಳನ್ನು ಜಾಣತನದಿಂದ ತನಗೇ ಉಳಿಸಿಕೊಂಡ. ಡ್ಯೂಕನ ಪಾಲು ಇಂದಿನ ಬಾರ್ಲೆ-ಹೆರ್ಟೊಗ್, ಬೆಲ್ಜಿಯಂನದು. ಉಳಿದದ್ದು ನೆದರ್ಲೆಂಡ್ಸ್‌ನ ಬಾರ್ಲೆ-ನಸ್ಸೌ. 1843ರಲ್ಲಿ ಎರಡೂ ದೇಶಗಳು ಗಡಿ ಗುರುತಿಸಲು ಕುಳಿತಾಗ ಈ ಊರಿನಲ್ಲಿ ಗೆರೆ ಎಳೆಯುವುದು ಅಧಿಕಾರಿಗಳ ಕೈಲಾಗಲಿಲ್ಲ. 5,732 ತಾಕುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಇದು ನಿಮ್ಮದು, ಇದು ನಮ್ಮದು ಎಂದು ಬರೆದು ಕೈತೊಳೆದುಕೊಂಡರು. ಗೆರೆ ಅಂತಿಮವಾದದ್ದು 1995ರಲ್ಲಿ. ಸರ್ಕಾರಿ ಕೆಲಸ ನಿಧಾನ ಎಂದು ನಾವೊಬ್ಬರೇ ಗೊಣಗಬೇಕಿಲ್ಲ.

ಕಾಲುದಾರಿಯ ಇಟ್ಟಿಗೆಗಳ ಮೇಲೆ ಬಿಳಿಯ ಶಿಲುಬೆಗಳ ಸಾಲು, ಒಂದು ಬದಿಗೆ ಬೆಲ್ಜಿಯಂನ ಅಕ್ಷರ, ಇನ್ನೊಂದು ಬದಿಗೆ ನೆದರ್ಲೆಂಡ್ಸ್‌ನದು. ಪ್ರವಾಸಿಗರೆಲ್ಲ ಎರಡೂ ಕಡೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಆ ಶಿಲುಬೆಗಳು ನೇರ ಹೋಗುತ್ತಾ ಹೋಗುತ್ತಾ ಥಟ್ಟನೆ ತಿರುಗಿ ಒಂದು ಮನೆಯ ಗೋಡೆಗೆ ಹಾಯುತ್ತವೆ. ಆ ಮನೆ ಯಾವ ದೇಶಕ್ಕೆ ಸೇರಿದ್ದೆಂದು ತೀರ್ಮಾನಿಸುವುದು ಮುಂಬಾಗಿಲು. ಬಾಗಿಲು ಎತ್ತ ಇದೆಯೋ ವಿಳಾಸವೂ ಅತ್ತ. ಮಲಗುವ ಕೋಣೆ ಹೊರದೇಶದಲ್ಲಿದ್ದರೂ ಅಡ್ಡಿಯಿಲ್ಲ. 1995ರ ಗೆರೆಯಿಂದಾಗಿ ಬಾಗಿಲು ನೆದರ್ಲೆಂಡ್ಸ್ ಕಡೆಗೆ ಬಿದ್ದಾಗ ಒಬ್ಬ ವೃದ್ಧೆ ಕಿಟಕಿಯಿದ್ದಲ್ಲಿ ಬಾಗಿಲನ್ನೂ ಬಾಗಿಲಿದ್ದಲ್ಲಿ ಕಿಟಕಿಯನ್ನೂ ಇಡಿಸಿ ಬೆಲ್ಜಿಯಂನವಳಾಗಿಯೇ ಉಳಿದಳೆಂದು ಇಲ್ಲಿ ಹೇಳುತ್ತಾರೆ. ಬಡಗಿಯ ಕೂಲಿಯಲ್ಲಿ ಪೌರತ್ವ ಇತ್ಯರ್ಥವಾದಂತೆ.

ಹಾಗೆಂದು ಎಲ್ಲವೂ ತಮಾಷೆಯಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂನ ಬಹುಪಾಲನ್ನು ನುಂಗಿದರೂ ಈ ತುಂಡುಗಳನ್ನು ಮುಟ್ಟಲಾಗಲಿಲ್ಲ. ಮುಟ್ಟಬೇಕಿದ್ದರೆ ತಟಸ್ಥ ನೆದರ್ಲೆಂಡ್ಸ್‌ನ ನೆಲ ತುಳಿಯಬೇಕಿತ್ತು. ಬೆಲ್ಜಿಯನ್ನರು 1915ರಲ್ಲಿ ಇಲ್ಲೊಂದು ರೇಡಿಯೊ ಕೇಂದ್ರವನ್ನೇ ನಿಲ್ಲಿಸಿ ಶತ್ರುವಿನ ಮೂಗಿನ ಕೆಳಗೆ ಸಂದೇಶ ಕಳುಹಿಸಿದರು. 2020ರ ಕೊರೊನಾ ಕಾಲದಲ್ಲಿ ಗಡಿಯ ಮೇಲೆ ಕುಳಿತ ಒಂದು ಬಟ್ಟೆ ಅಂಗಡಿಯ ಬೆಲ್ಜಿಯಂ ಭಾಗಕ್ಕೆ ಪಟ್ಟಿ ಕಟ್ಟಿ ಮುಚ್ಚಿ, ನೆದರ್ಲೆಂಡ್ಸ್ ಭಾಗದಲ್ಲಿ ವ್ಯಾಪಾರ ನಡೆಸಿದರು. ಸೋಂಕೂ ಮುಂಬಾಗಿಲಿನ ನಿಯಮ ಪಾಲಿಸುತ್ತದೆಂದು ಆಡಳಿತದವರು ನಂಬಿದ್ದರೇನೋ.

ನಡೆಯುವಾಗ ಪಶ್ಚಿಮ ಬಂಗಾಳದ ಕೂಚ್ ಬಿಹಾರ ನೆನಪಾಯಿತು. ಭಾರತ-ಬಾಂಗ್ಲಾದೇಶಗಳ ನಡುವೆಯೂ ಇಂಥವೇ 162 ತುಂಡುಗಳಿದ್ದವು. ಅಲ್ಲಿನ ಜನರಿಗೆ ಗುರುತಿನ ಕಾಗದವಿಲ್ಲ, ಶಾಲೆಯಿಲ್ಲ ಎಂಬ ಪಾಡು ದಶಕಗಳ ಕಾಲ ನಡೆದು, 2015ರಲ್ಲಿ ವಿನಿಮಯವಾಗಿ ಮುಗಿಯಿತು. ಬಾರ್ಲೆಯ ಗೆರೆ ಚೆಂದ ಕಾಣುವುದು ಯಾರೂ ಪಾಸ್‌ಪೋರ್ಟ್ ಕೇಳದ್ದರಿಂದ.

ಲೋವರೆನ್ ಬೀದಿಯಲ್ಲಿ ಒಂದು ಮನೆಯಿದೆ. ಗೆರೆ ಅದರ ಬಾಗಿಲಿನ ನಡುವೆಯೇ ಹೋಗುತ್ತದೆ. ಇಕ್ಕೆಲದಲ್ಲಿ ಎರಡು ನಂಬರು, ಎರಡು ಬಾವುಟ. ಗಂಟೆ ಒತ್ತಿ, ‘ನೀವು ತೆರಿಗೆ ಕಟ್ಟುವುದು ಯಾರಿಗೆ?’ ಎಂದು ಕೇಳುವ ಆಸೆ ನನಗೆ ಬಹಳ ಇತ್ತು. ಒಳಗಿದ್ದವರಿಗೆ ನನ್ನಂಥವರ ಮುಖಚರ್ಯೆ ಚೆನ್ನಾಗಿ ಗೊತ್ತಿರಬೇಕು. ನಾನು ಹತ್ತಿರ ಹೋಗುವುದಕ್ಕೂ ಕಿಟಕಿಯ ಪರದೆ ಸರ್ರನೆ ಮುಚ್ಚುವುದಕ್ಕೂ ಸರಿಹೋಯಿತು.